ಊಟ ಕಡಿಮೆ ಮಾಡಿದೆವು, ಮಾತ್ರೆ ಹಾಗೆಯೇ ಉಳಿಯಿತು: ಸಕ್ಕರೆ ಕಾಯಿಲೆಯ ಔಷಧ ಮತ್ತು ಪಥ್ಯದ ಬಗ್ಗೆ ಒಂದು ಚರ್ಚೆ

ಅರಸೀಕೆರೆಯಿಂದ, ಪ್ರೌಢಶಾಲಾ ಶಿಕ್ಷಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ ಈಗ 71 ವರ್ಷ, ಸಕ್ಕರೆ ಕಾಯಿಲೆ ಬಂದು 14 ವರ್ಷಗಳಾದವು. ಕಳೆದ ಏಕಾದಶಿಯ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ. ಅದರಲ್ಲಿ ನಮ್ಮ ತಪ್ಪು ಎಷ್ಟು ಎಂಬುದು ನನಗಿನ್ನೂ ಪೂರ್ತಿ ತಿಳಿದಿಲ್ಲ, ಮತ್ತು ನಮ್ಮಂತೆಯೇ ನಡೆದುಕೊಳ್ಳುತ್ತಿರುವ ಮನೆಗಳು ಇನ್ನೂ ಎಷ್ಟಿವೆಯೋ ಎಂಬ ಆತಂಕ ನನ್ನನ್ನು ಬಿಟ್ಟಿಲ್ಲ.

ಅತ್ತೆಯವರು ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಗ್ಲಿಮೆಪಿರೈಡ್ 2 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಮತ್ತು ವೋಗ್ಲಿಬೋಸ್ 0.2 ಮಿಲಿಗ್ರಾಂ, ಈ ಮೂರೂ ಸೇರಿರುವ ಮಾತ್ರೆ ಅದು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 8.4 ಬಂದಾಗ ಅನ್ನ ಕಡಿಮೆ ಮಾಡಿರೆಂದು ವೈದ್ಯರು ಹೇಳಿದರು. ನಾವು ಮನೆಮಂದಿಯೆಲ್ಲ ಸೇರಿ ಶ್ರದ್ಧೆಯಿಂದ ಪಥ್ಯ ಹಿಡಿದೆವು. ಮೊದಲು ರಾತ್ರಿಯ ಅನ್ನ ಹೋಗಿ ಎರಡು ಚಪಾತಿ ಬಂತು. ಮೂರನೆಯ ವಾರದಿಂದ ಅತ್ತೆಯವರೇ ಚಪಾತಿಯನ್ನೂ ಬಿಟ್ಟು ಒಂದು ಬಟ್ಟಲು ತರಕಾರಿ ಸಾರು ಕುಡಿದು ಮಲಗತೊಡಗಿದರು. ಖಾಲಿ ಹೊಟ್ಟೆಯ ಸಕ್ಕರೆ 168ರಿಂದ 131ಕ್ಕೆ, ಅಲ್ಲಿಂದ 96ಕ್ಕೆ ಇಳಿದಾಗ ನಮಗೆ ಹಬ್ಬದ ಸಂತೋಷ. ನೆಂಟರಿಗೆಲ್ಲ ಫೋನ್ ಮಾಡಿ ಆ ಅಂಕಿಯನ್ನು ಹೇಳಿಕೊಂಡಿದ್ದೆವು. ಆ 96 ಒಂದು ಎಚ್ಚರಿಕೆಯೂ ಆಗಿರಬಹುದು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಏಕಾದಶಿಯ ದಿನ ಅತ್ತೆಯವರು ಎಂಟು ಗಂಟೆಗೆ ಮಾತ್ರೆ ನುಂಗಿ ಅರ್ಧ ಲೋಟ ಮಜ್ಜಿಗೆ ಕುಡಿದರು. ಹನ್ನೊಂದರ ಸುಮಾರಿಗೆ ದೇವರ ಮನೆಯ ಮುಂದೆ ಹೂ ಕಟ್ಟುತ್ತ ಕುಳಿತಿದ್ದರು. ನಾನು ಹಾದುಹೋಗುವಾಗ ನೋಡಿದರೆ, ಬುಟ್ಟಿಯ ತುಂಬ ಮಲ್ಲಿಗೆ ಹಾಗೆಯೇ ಇದೆ, ಅವರು ಬರಿಯ ದಾರಕ್ಕೆ ಒಂದರ ಮೇಲೊಂದು ಗಂಟು ಹಾಕುತ್ತಿದ್ದಾರೆ. ಮಾತನಾಡಿಸಿದರೆ ನನ್ನನ್ನು ಅವರ ತಂಗಿಯ ಹೆಸರಿನಿಂದ ಕರೆದರು. ರವಿಕೆ ಬೆವರಿನಿಂದ ಒದ್ದೆಯಾಗಿತ್ತು. ಮೀಟರಿನಲ್ಲಿ 41 ಬಂತು. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದೆ, ಕಾಲು ಗಂಟೆಯ ನಂತರ 46. ಮತ್ತೆ ಸಕ್ಕರೆ ನೀರು ಕೊಟ್ಟೆ, ಏರಲಿಲ್ಲ. ಪಕ್ಕದ ಮನೆಯವರು ಗ್ಲೂಕೋಸ್ ಪುಡಿ ತಂದುಕೊಟ್ಟ ಮೇಲೆ 78ಕ್ಕೆ ಬಂತು, ಅತ್ತೆಯವರು ನನ್ನ ಹೆಸರು ಹಿಡಿದು ಕರೆದರು. ಅಪಾಯ ಕಳೆಯಿತೆಂದು ನಾವು ಸುಮ್ಮನಾದೆವು. ಎರಡು ಗಂಟೆಗೆ ನೋಡಿದರೆ ಮತ್ತೆ 58. ಆಸ್ಪತ್ರೆಗೆ ಸೇರಿಸಿ ಮರುದಿನ ಸಂಜೆ ಕರೆತಂದೆವು. ಕೊಟ್ಟ ಚೀಟಿಯಲ್ಲಿ ‘ಮಾತ್ರೆ ಮರುಪರಿಶೀಲನೆ ಅಗತ್ಯ’ ಎಂದು ಬರೆದಿದ್ದರು, ಆದರೆ ಆಗಿದ್ದೇನು ಎಂದು ಕುಳಿತು ವಿವರಿಸಿದವರು ಯಾರೂ ಇಲ್ಲ.

ನನ್ನ ಪ್ರಶ್ನೆಗಳು ಮೂರು. ಊಟ ಕಡಿಮೆ ಮಾಡಿದಾಗ ಮಾತ್ರೆಯನ್ನೂ ಕಡಿಮೆ ಮಾಡಬೇಕೆಂಬುದನ್ನು ನಾವೇ ತಿಳಿದುಕೊಳ್ಳಬೇಕಿತ್ತೇ? ಸಕ್ಕರೆ ನೀರು ಏಕೆ ಕೆಲಸ ಮಾಡಲಿಲ್ಲ? ಒಮ್ಮೆ ಏರಿದ ಸಕ್ಕರೆ ಮತ್ತೆ ಏಕೆ ಇಳಿಯಿತು?

ದಾವಣಗೆರೆಯಿಂದ, 30 ವರ್ಷ ಔಷಧ ಅಂಗಡಿ ನಡೆಸಿದವರು

ಅಮ್ಮಾ, ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಇಂದೇ ಮನೆಯಲ್ಲಿ ಸರಿಪಡಿಸಬಹುದಾದ ವಿಷಯ. ನಾವು ಚಹಾಕ್ಕೆ ಹಾಕುವ ಸಕ್ಕರೆ ರಕ್ತಕ್ಕೆ ನೇರವಾಗಿ ಸೇರುವುದಿಲ್ಲ. ಸಣ್ಣ ಕರುಳಿನಲ್ಲಿರುವ ಕಿಣ್ವವೊಂದು ಅದನ್ನು ಒಡೆದು ಗ್ಲೂಕೋಸ್ ಮಾಡಿದ ಮೇಲಷ್ಟೇ ಅದು ರಕ್ತಕ್ಕೆ ಹೋಗುತ್ತದೆ. ನಿಮ್ಮ ಅತ್ತೆಯವರ ಮಾತ್ರೆಯಲ್ಲಿರುವ ವೋಗ್ಲಿಬೋಸ್ ಮಾಡುವ ಕೆಲಸವೇ ಆ ಕಿಣ್ವವನ್ನು ತಡೆಯುವುದು. ಅನ್ನ, ರೊಟ್ಟಿ ನಿಧಾನವಾಗಿ ಜೀರ್ಣವಾಗಲಿ ಎಂದು ಅದನ್ನು ಕೊಡುತ್ತಾರೆ. ಹಾಗಾಗಿ ಅದೇ ಬೆಳಿಗ್ಗೆ ಆ ಮಾತ್ರೆ ನುಂಗಿದವರಿಗೆ ಸಕ್ಕರೆ ನೀರು ಕುಡಿಸಿದರೆ ಅದೂ ನಿಧಾನವಾಗುತ್ತದೆ. ಗ್ಲೂಕೋಸ್ ಪುಡಿ ಒಡೆಯಬೇಕಾದ ವಸ್ತುವಲ್ಲ, ಅದಕ್ಕೇ ಅದು ಕೆಲಸ ಮಾಡಿತು. ಅಕಾರ್ಬೋಸ್ ಎಂಬ ಮಾತ್ರೆಗೂ ಇದೇ ಮಾತು ಅನ್ವಯಿಸುತ್ತದೆ.

ಈ ಮಾತನ್ನು ನಾನು ಅಂಗಡಿಯಲ್ಲಿ ಕುಳಿತಷ್ಟು ವರ್ಷವೂ ಹೇಳುತ್ತಲೇ ಬಂದೆ, ಕೇಳಿಸಿಕೊಳ್ಳಲು ನಿಂತವರು ಕಡಿಮೆ. ವೋಗ್ಲಿಬೋಸ್ ಇರುವ ಮಾತ್ರೆ ತೆಗೆದುಕೊಳ್ಳುವವರ ಮನೆಯಲ್ಲಿ ಗ್ಲೂಕೋಸ್ ಪುಡಿಯ ಡಬ್ಬ ಇರಲೇಬೇಕು, ಅದು ಎಲ್ಲಿದೆ ಎಂಬುದು ಮನೆಯ ಮಕ್ಕಳಿಗೂ ಗೊತ್ತಿರಬೇಕು.

ಇನ್ನು ಮಾತ್ರೆಗಳ ವಿಷಯ. ಸಕ್ಕರೆ ಕಾಯಿಲೆಯ ಮಾತ್ರೆಗಳೆಲ್ಲ ಒಂದೇ ಬಗೆಯವು ಎಂಬ ಭಾವನೆ ಜನರಲ್ಲಿ ಬಲವಾಗಿದೆ. ಹಾಗಿಲ್ಲ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಹಳೆಯ ಕಾಲದ ಗ್ಲಿಬೆನ್‌ಕ್ಲಮೈಡ್, ಇವು ಮೇದೋಜೀರಕ ಗ್ರಂಥಿಯನ್ನು ತಟ್ಟಿ ಎಬ್ಬಿಸಿ ಇನ್ಸುಲಿನ್ ಬಿಡಿಸುತ್ತವೆ. ನೀವು ಉಂಡಿದ್ದೀರೋ ಇಲ್ಲವೋ ಎಂದು ಅವು ನೋಡುವುದಿಲ್ಲ. ಮೆಟ್‌ಫಾರ್ಮಿನ್ ಹಾಗಲ್ಲ, ಅದು ಮುಖ್ಯವಾಗಿ ಯಕೃತ್ತು ರಾತ್ರಿಯೆಲ್ಲ ತಯಾರಿಸಿ ಬಿಡುವ ಸಕ್ಕರೆಯನ್ನು ತಗ್ಗಿಸುತ್ತದೆ, ಅದೊಂದೇ ಇದ್ದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯುವುದು ತೀರಾ ಅಪರೂಪ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಕೂಡ ಒಂಟಿಯಾಗಿ ಇದ್ದಾಗ ಸಾಮಾನ್ಯವಾಗಿ ಆ ತೊಂದರೆ ಕೊಡುವುದಿಲ್ಲ. ನಿಮ್ಮ ಚೀಟಿ ತೆಗೆದು ಅದರಲ್ಲಿ ‘ಗ್ಲಿ’ ಎಂದು ಆರಂಭವಾಗುವ ಹೆಸರು ಅಥವಾ ಇನ್ಸುಲಿನ್ ಇದೆಯೇ ನೋಡಿ. ಇದ್ದರೆ ಊಟ ತಪ್ಪಿಸುವಂತಿಲ್ಲ, ಊಟದ ಪ್ರಮಾಣ ಬದಲಿಸುವ ಮುನ್ನ ವೈದ್ಯರಿಗೆ ತಿಳಿಸದೆ ಇರುವಂತಿಲ್ಲ. ಕಂಪನಿ ಇಟ್ಟ ಹೆಸರಿನಿಂದ ಇದು ತಿಳಿಯುವುದಿಲ್ಲ, ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನೇ ಓದಬೇಕು.

ಮಂಡ್ಯ ಜಿಲ್ಲೆಯಿಂದ, ಕೃಷಿಕ

ಟೀಚರ್ ಅವರೇ, ನಿಮ್ಮ ಅತ್ತೆಯವರು ಚೇತರಿಸಿಕೊಂಡದ್ದು ಸಮಾಧಾನ ತಂದಿತು. ನನ್ನ ಸಮಸ್ಯೆ ಇದಕ್ಕೆ ತಿರುವುಮುರುವು. ಸಕ್ಕರೆ ಕಾಯಿಲೆಯೆಂದು ತಿಳಿದ ದಿನವೇ ಅನ್ನ ಬಿಟ್ಟು ಮೂರು ಹೊತ್ತೂ ಮುದ್ದೆಗೆ ಬಂದೆ. ರಾಗಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲವೆಂದು ನಮ್ಮ ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಖಾಲಿ ಹೊಟ್ಟೆಯಲ್ಲಿ 128 ಇರುವ ಸಕ್ಕರೆ ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ 231 ಬರುತ್ತಿದೆ. ಎರಡು ಮುದ್ದೆ, ಹುರುಳಿಕಾಳಿನ ಬಸ್ಸಾರು, ಕೊನೆಗೆ ಮಜ್ಜಿಗೆ, ಇಷ್ಟೇ ನನ್ನ ಊಟ. ಸಿಹಿ ಮುಟ್ಟುವುದಿಲ್ಲ. ಮೆಟ್‌ಫಾರ್ಮಿನ್ 500 ಎರಡು ಹೊತ್ತು ತೆಗೆದುಕೊಳ್ಳುತ್ತೇನೆ. ಮಾತ್ರೆ ಸಾಲದೋ, ಮುದ್ದೆ ಹೆಚ್ಚೋ ತಿಳಿಯದಾಗಿದೆ.

ತಾಲ್ಲೂಕು ಆಸ್ಪತ್ರೆಯೊಂದರ ವೈದ್ಯ

ಮೊದಲು ಅರಸೀಕೆರೆಯ ಮೇಡಂ ಅವರಿಗೆ. ನಿಮ್ಮ ಮೊದಲನೆಯ ಪ್ರಶ್ನೆಯನ್ನು ಓದಿ ನನಗೆ ನೋವಾಯಿತು. ಅದನ್ನು ನೀವೇ ತಿಳಿದುಕೊಳ್ಳಬೇಕಿರಲಿಲ್ಲ, ನಾವು ವೈದ್ಯರು ಹೇಳಬೇಕಿತ್ತು. ‘ಅನ್ನ ಕಡಿಮೆ ಮಾಡಿ’ ಎನ್ನುವ ಬಾಯಿಯೇ ‘ಕಡಿಮೆ ಮಾಡಿದ ಹತ್ತು ದಿನಕ್ಕೆ ಅಂಕಿಗಳನ್ನು ತಂದು ತೋರಿಸಿ, ಮಾತ್ರೆ ಇಳಿಸಬೇಕಾಗಬಹುದು’ ಎಂದೂ ಹೇಳಬೇಕು. ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಮೂರು ನಿಮಿಷ ಸಿಗುವ ಕಡೆ ಎರಡನೆಯ ಮಾತು ಬಿಟ್ಟುಹೋಗುತ್ತದೆ, ನನ್ನಿಂದಲೂ ಬಿಟ್ಟುಹೋಗಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜು ಮಾಡಿತು. ಇಷ್ಟು ಜನರ ನಡುವೆ ಊಟ, ಮಾತ್ರೆ ಎರಡನ್ನೂ ಒಟ್ಟಿಗೆ ಇಟ್ಟು ಮಾತನಾಡಲು ನಮಗೆ ಸಿಗುವ ಸಮಯ ಬಹಳ ಕಡಿಮೆ. ಹಾಗಾಗಿ ಮನೆಯವರು ಈ ಪ್ರಶ್ನೆಯನ್ನು ತಾವಾಗಿಯೇ ಕೇಳುವಂತಾದರೆ ನಮಗೆ ಅದು ಉಪಕಾರ.

ಮೂರನೆಯ ಪ್ರಶ್ನೆಗೆ ಉತ್ತರ ಇದು. ಗ್ಲಿಮೆಪಿರೈಡ್ ಒಮ್ಮೆ ನುಂಗಿದರೆ ಅದರ ಪರಿಣಾಮ ಸುಮಾರು ಒಂದು ದಿನ ಇರುತ್ತದೆ, ಗ್ಲೂಕೋಸಿನ ಪರಿಣಾಮ ಒಂದೆರಡು ಗಂಟೆ ಮಾತ್ರ. ಮೂತ್ರಪಿಂಡದ ಶಕ್ತಿ ಕುಂದಿದ್ದರೆ ಈ ಔಷಧ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ಆದ್ದರಿಂದ ಈ ಗುಂಪಿನ ಮಾತ್ರೆಯಿಂದ ಸಕ್ಕರೆ ಕುಸಿದಾಗ, ಒಮ್ಮೆ ಏರಿದ ಕೂಡಲೇ ಗೆದ್ದೆವೆಂದು ಬಿಡುವಂತಿಲ್ಲ. ಗ್ಲೂಕೋಸ್ ಕೊಟ್ಟು ಚೇತರಿಸಿಕೊಂಡ ಮೇಲೆ ಗಟ್ಟಿ ಆಹಾರ ಕೊಡಬೇಕು, ಆ ದಿನವೆಲ್ಲ ಮತ್ತು ಆ ರಾತ್ರಿಯೂ ನೋಡುತ್ತಿರಬೇಕು. ವಯಸ್ಸಾದವರನ್ನು ಆಸ್ಪತ್ರೆಯಲ್ಲಿ ಒಂದು ದಿನ ಇರಿಸಿಕೊಳ್ಳುವುದು ಇದೇ ಕಾರಣಕ್ಕೆ. ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಅವರಿಗೆ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ.

ಮನೆಯಲ್ಲಿ ಮಾಡಬೇಕಾದದ್ದನ್ನು ಒಮ್ಮೆ ಸ್ಪಷ್ಟವಾಗಿ ಬರೆಯುತ್ತೇನೆ. 70ಕ್ಕಿಂತ ಕೆಳಗೆ ಬಂದರೆ ಅದು ಲೋ ಶುಗರ್. 15 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕೊಡಿ, 15 ನಿಮಿಷ ಕಾದು ಮತ್ತೆ ಪರೀಕ್ಷಿಸಿ, ಏರದಿದ್ದರೆ ಮತ್ತೆ ಅಷ್ಟೇ ಕೊಡಿ. 54ಕ್ಕಿಂತ ಕೆಳಗೆ ಹೋದರೆ ಮಿದುಳಿಗೆ ಗ್ಲೂಕೋಸ್ ಸಾಲದೆ ಬುದ್ಧಿ ಮಂಕಾಗತೊಡಗುತ್ತದೆ, ನಿಮ್ಮ ಅತ್ತೆಯವರು ಹೂವಿಲ್ಲದ ದಾರಕ್ಕೆ ಗಂಟು ಹಾಕಿದ್ದು ಅದಕ್ಕೇ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರಾಗಲಿ, ಸಕ್ಕರೆಯಾಗಲಿ ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿ. ಇನ್ನೊಂದು ಮಾತು: ರಕ್ತದೊತ್ತಡಕ್ಕೆಂದು ಅಟೆನೊಲಾಲ್, ಮೆಟೊಪ್ರೊಲಾಲ್‌ನಂತಹ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಕುಸಿದಾಗಲೂ ಕೈನಡುಕ ಮತ್ತು ಎದೆಬಡಿತ ಕಾಣಿಸದೇ ಇರಬಹುದು, ಬೆವರು ಮಾತ್ರ ಕಾಣಿಸುತ್ತದೆ. ಅಂಥವರ ಮನೆಯಲ್ಲಿ ಬೆವರನ್ನು ಸೆಕೆಯೆಂದು ತಳ್ಳಿಹಾಕಬೇಡಿ.

ಗುರಿಯ ಬಗ್ಗೆಯೂ ಹೇಳಬೇಕು. ಮೂರು ತಿಂಗಳ ಸರಾಸರಿ 7ರ ಒಳಗಿರಬೇಕೆಂಬುದು ಎಲ್ಲರಿಗೂ ಒಂದೇ ಎಂದು ತಿಳಿಯಬೇಡಿ. ನಲವತ್ತರ ಗಟ್ಟಿಮುಟ್ಟಾದ ಮನುಷ್ಯನಿಗೆ ಅದು ಸರಿ. ಬೇರೆ ಕಾಯಿಲೆಗಳೂ ಇರುವ, ಒಮ್ಮೆ ಸಕ್ಕರೆ ಕುಸಿದು ಆಸ್ಪತ್ರೆ ಸೇರಿದ ವೃದ್ಧರಿಗೆ 8ರ ಒಳಗಿದ್ದರೆ ಸಾಕು ಎಂದು ನಾವು ಒಪ್ಪುತ್ತೇವೆ. ವಯಸ್ಸಾದವರಲ್ಲಿ ಸಕ್ಕರೆ ಒಂದು ತಿಂಗಳು 180 ಇದ್ದರೆ ಆಗುವ ಹಾನಿಗಿಂತ, ಸ್ನಾನದ ಮನೆಯಲ್ಲಿ ಒಮ್ಮೆ 40ಕ್ಕೆ ಇಳಿದು ಬಿದ್ದು ಸೊಂಟದ ಮೂಳೆ ಮುರಿದರೆ ಆಗುವ ಹಾನಿ ದೊಡ್ಡದು.

ಮಂಡ್ಯದ ಸ್ನೇಹಿತರಿಗೆ: ರಾಗಿ ಒಳ್ಳೆಯ ಧಾನ್ಯ, ಅದರಲ್ಲಿ ಕ್ಯಾಲ್ಸಿಯಂ ಮತ್ತು ನಾರಿನಂಶ ಅಕ್ಕಿಗಿಂತ ಬಹಳ ಹೆಚ್ಚು. ಆದರೆ ಪಿಷ್ಟದ ವಿಷಯದಲ್ಲಿ ಅದು ಅಕ್ಕಿಯಿಂದ ದೂರವಿಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ, ನೂರು ಗ್ರಾಂ ರಾಗಿಯಲ್ಲಿ 67ರಿಂದ 72 ಗ್ರಾಂ ಇದೆ. ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ, ಅಗಿಯದೆ ನುಂಗುವ ಮುದ್ದೆ ಬೇಗ ಜೀರ್ಣವಾಗುತ್ತದೆ. ಗಂಜಿ ಇನ್ನೂ ಬೇಗ. ಮಾತ್ರೆ ಹೆಚ್ಚಿಸುವ ಮುನ್ನ ಒಂದು ವಾರ ಹೀಗೆ ಮಾಡಿ ನೋಡಿ: ಮನೆಯಲ್ಲಿ ಹಿಟ್ಟನ್ನು ತೂಗಿ ಒಂದು ಮುದ್ದೆಗೆ ಎಷ್ಟು ಹೋಗುತ್ತದೆಂದು ತಿಳಿದುಕೊಳ್ಳಿ, ಒಂದೇ ಮುದ್ದೆ ಉಣ್ಣಿ, ಬಸ್ಸಾರಿಗೆ ಬಸಿದ ಸೊಪ್ಪು ಮತ್ತು ಕಾಳಿನ ಪಲ್ಯವನ್ನು ಮೊದಲು ಒಂದು ಬಟ್ಟಲು ತಿಂದು ಆಮೇಲೆ ಮುದ್ದೆಗೆ ಕೈಹಾಕಿ. ಊಟವಾದ ಮೇಲೆ ಹದಿನೈದು ನಿಮಿಷ ನಡೆಯಿರಿ. ನೀವು ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುತ್ತಿರುವುದರಿಂದ ಈ ಪ್ರಯೋಗ ಸುರಕ್ಷಿತ. ಅರಸೀಕೆರೆಯ ಅಮ್ಮನವರಿಗೆ ಇದೇ ಸಲಹೆಯನ್ನು ಮಾತ್ರೆ ಬದಲಿಸದೆ ನಾನು ಕೊಡುತ್ತಿರಲಿಲ್ಲ.

ಸಾಗರದಿಂದ, ಅಡಿಕೆ ಬೆಳೆಗಾರ

ವೈದ್ಯರ ಬರಹ ಉಪಯುಕ್ತವಾಗಿದೆ. ಆದರೆ ಮನೆಮದ್ದಿನ ಬಗ್ಗೆ ಯಾರೂ ಮಾತನಾಡಿಲ್ಲ. ನಾನು ಎರಡು ವರ್ಷದಿಂದ ಬೆಳಿಗ್ಗೆ ಹಾಗಲಕಾಯಿ ರಸ ಕುಡಿಯುತ್ತೇನೆ, ರಾತ್ರಿ ನೆನೆಸಿದ ಮೆಂತ್ಯವನ್ನು ನೀರಿನ ಸಮೇತ ತಿನ್ನುತ್ತೇನೆ. ರಸ ಕುಡಿದ ದಿನ ಮತ್ತು ಬಿಟ್ಟ ದಿನ ಬೇರೆಬೇರೆಯಾಗಿ ಅಳೆದು ನೋಡಿದ್ದೇನೆ, ನನಗೆ ಇಪ್ಪತ್ತು ಇಪ್ಪತ್ತೈದರಷ್ಟು ವ್ಯತ್ಯಾಸ ಕಾಣುತ್ತದೆ. ವೈದ್ಯರ ಮುಂದೆ ಹೇಳಲು ಹೋದರೆ ಕೇಳಿಸಿಕೊಳ್ಳುವುದಿಲ್ಲ, ಹಾಗಾಗಿ ಹೇಳುವುದನ್ನೇ ಬಿಟ್ಟಿದ್ದೇನೆ. ಗ್ಲಿಮೆಪಿರೈಡ್ 1 ಮಿಲಿಗ್ರಾಂ ನನಗೂ ಇದೆ.

ತಾಲ್ಲೂಕು ಆಸ್ಪತ್ರೆಯೊಂದರ ವೈದ್ಯ

ಸರ್, ನೀವು ಅಳೆದು ನೋಡಿ ಮಾತನಾಡುತ್ತಿದ್ದೀರಿ, ಅದಕ್ಕೆ ನನ್ನ ಗೌರವವಿದೆ. ಹಾಗಲಕಾಯಿ ಮತ್ತು ಮೆಂತ್ಯ ಸಕ್ಕರೆಯನ್ನು ಒಂದಿಷ್ಟು ಇಳಿಸಬಲ್ಲವು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅವು ಇಳಿಸುತ್ತವೆ ಎಂಬ ಕಾರಣಕ್ಕೇ ಅವನ್ನು ವೈದ್ಯರಿಗೆ ಹೇಳಬೇಕು. ಗ್ಲಿಮೆಪಿರೈಡ್ ಇಳಿಸುವುದರ ಮೇಲೆ ಇನ್ನೊಂದು ಇಳಿಸಿದರೆ ಎರಡೂ ಕೂಡಿಕೊಳ್ಳುತ್ತವೆ. ಲೆಕ್ಕವಿಲ್ಲದ ರಸದ ಲೋಟವನ್ನು ನೋಡದೆ ವೈದ್ಯರು ಮಾತ್ರೆಯ ಪ್ರಮಾಣ ನಿಗದಿ ಮಾಡಿರುತ್ತಾರೆ. ನಾಳೆ ನೀವು ಮದುವೆಗೆಂದು ನಾಲ್ಕು ದಿನ ಊರಿಗೆ ಹೋಗಿ ರಸ ನಿಂತರೆ ಸಕ್ಕರೆ ಏರುತ್ತದೆ, ಅಲ್ಲಿನ ವೈದ್ಯರು ಮಾತ್ರೆ ಹೆಚ್ಚಿಸುತ್ತಾರೆ, ಊರಿಗೆ ಬಂದು ಮತ್ತೆ ರಸ ಕುಡಿದರೆ ಏನಾಗುತ್ತದೆ ಎಂದು ಯೋಚಿಸಿ. ನಿಮ್ಮ ಚೀಟಿಯ ಮೇಲೆ ‘ಹಾಗಲ ರಸ, ಇಷ್ಟು ಮಿಲಿ, ದಿನವೂ’ ಎಂದು ನಿಮ್ಮ ಕೈಯಿಂದಲೇ ಬರೆದು ವೈದ್ಯರ ಮುಂದೆ ಇಡಿ. ಬರೆದದ್ದನ್ನು ಅವರು ಓದುತ್ತಾರೆ.

ಬೆಂಗಳೂರಿನಿಂದ, ಸಾಫ್ಟ್‌ವೇರ್ ಉದ್ಯೋಗಿ

ನನ್ನ ಅನುಭವದ ಎರಡು ಮುಖಗಳನ್ನೂ ಹೇಳುತ್ತೇನೆ. ನನಗೆ 38ನೆಯ ವಯಸ್ಸಿನಲ್ಲಿ ಕಾಯಿಲೆ ಪತ್ತೆಯಾದಾಗ ತೂಕ 92 ಕೆಜಿ, ಸರಾಸರಿ 9.1. ಊಟ ಬದಲಿಸಿ ಹದಿನಾಲ್ಕು ತಿಂಗಳಲ್ಲಿ 78 ಕೆಜಿಗೆ ಬಂದೆ. ನನ್ನ ವೈದ್ಯರು ಪಥ್ಯ ಆರಂಭಿಸಿದ ದಿನವೇ ಗ್ಲಿಮೆಪಿರೈಡನ್ನು ಅರ್ಧಕ್ಕೆ ಇಳಿಸಿದರು, ಆರು ವಾರದ ನಂತರ ನಿಲ್ಲಿಸಿದರು. ಮೆಟ್‌ಫಾರ್ಮಿನನ್ನು ಮಾತ್ರ ಕೊನೆಯವರೆಗೆ ಉಳಿಸಿಕೊಂಡು, ಸರಾಸರಿ 5.9ಕ್ಕೆ ಬಂದು ಅಲ್ಲೇ ನಿಂತ ಮೇಲೆ ಬಿಡಿಸಿದರು. ಇಂದಿಗೂ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತೇನೆ.

ಇದನ್ನು ನೋಡಿ ಉತ್ಸಾಹಗೊಂಡ ನನ್ನ ಅಣ್ಣ, ಯಾರನ್ನೂ ಕೇಳದೆ ಅನ್ನ, ಚಪಾತಿ, ಹಣ್ಣು ಎಲ್ಲವನ್ನೂ ಒಮ್ಮೆಲೇ ಬಿಟ್ಟರು. ಅವರು ತೆಗೆದುಕೊಳ್ಳುತ್ತಿದ್ದದ್ದು ಡಾಪಾಗ್ಲಿಫ್ಲೋಜಿನ್. ಆ ಮಾತ್ರೆ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ಹನ್ನೆರಡನೆಯ ದಿನ ವಾಂತಿ, ಹೊಟ್ಟೆನೋವು, ಏದುಸಿರು. ಮೀಟರಿನಲ್ಲಿ ಸಕ್ಕರೆ 190 ಇದ್ದುದರಿಂದ ಇದು ಗ್ಯಾಸ್ಟ್ರಿಕ್ ಇರಬೇಕೆಂದು ಒಂದು ದಿನ ಕಳೆದರು. ಆಸ್ಪತ್ರೆಯಲ್ಲಿ ನೋಡಿದರೆ ದೇಹ ಕೊಬ್ಬನ್ನು ಕರಗಿಸುವಾಗ ಹುಟ್ಟುವ ಕೀಟೋನ್ ತುಂಬಿ ರಕ್ತ ಆಮ್ಲೀಯವಾಗಿತ್ತು, ನಾಲ್ಕು ದಿನ ತೀವ್ರ ನಿಗಾ ಘಟಕದಲ್ಲಿದ್ದರು. ಈ ಗುಂಪಿನ ಮಾತ್ರೆ ಇರುವವರಲ್ಲಿ ಸಕ್ಕರೆ ಹೆಚ್ಚಾಗಿ ಕಾಣಿಸದೆಯೂ ಕೀಟೋನ್ ಏರಬಲ್ಲದು ಎಂದು ನಮಗೆ ಅಂದೇ ತಿಳಿದದ್ದು. ಉಪವಾಸ ಮಾಡುವಾಗ, ವಾಂತಿಭೇದಿ ಆದಾಗ, ಶಸ್ತ್ರಚಿಕಿತ್ಸೆಗೆ ಮುಂಚೆ ಈ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಬೇಕಾಗುತ್ತದೆಂದು ವೈದ್ಯರು ಆಮೇಲೆ ಹೇಳಿದರು. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯದು ಮಾಡುವ ಔಷಧವೆಂಬ ಕಾರಣಕ್ಕೆ ಈಗ ಬಹಳ ಜನರಿಗೆ ಇದನ್ನು ಬರೆಯುತ್ತಾರೆ, ಬೆಲೆಯೂ ಇಳಿದಿದೆ. ಅದಕ್ಕೇ ಈ ಎಚ್ಚರಿಕೆ ಮನೆಮನೆಗೆ ತಲುಪಬೇಕು.

ಕಲಬುರಗಿಯಿಂದ, ಗೃಹಿಣಿ

ಅರಸೀಕೆರೆಯ ಅಕ್ಕನವರ ಏಕಾದಶಿಯನ್ನು ಓದುವಾಗ ನನಗೆ ನಮ್ಮ ಮನೆಯ ರಮಜಾನ್ ನೆನಪಾಯಿತು. ನಮ್ಮ ಯಜಮಾನರಿಗೆ ಎರಡು ಹೊತ್ತು ಮಿಶ್ರ ಇನ್ಸುಲಿನ್, ಬೆಳಿಗ್ಗೆ 24 ಯೂನಿಟ್, ರಾತ್ರಿ 14. ರೋಜಾ ಹಿಡಿಯಲೇಬೇಕೆಂಬುದು ಅವರ ಹಟ. ತಿಂಗಳಿಗೆ ಮುಂಚೆಯೇ ವೈದ್ಯರ ಬಳಿ ಹೋದೆವು. ದೊಡ್ಡ ಪ್ರಮಾಣವನ್ನು ಸಂಜೆ ರೋಜಾ ಬಿಡುವಾಗಿನ ಇಫ್ತಾರ್ ಊಟಕ್ಕೆ ಬದಲಿಸಿ, ಬೆಳಗಿನ ಜಾವದ ಸಹರಿಯ ಹೊತ್ತಿಗೆ 14ರ ಬದಲು 7 ಹಾಕಿಕೊಳ್ಳಲು ಹೇಳಿದರು. ಇದು ನಮ್ಮ ಯಜಮಾನರಿಗೆ ಹೇಳಿದ್ದು, ಯಾರೂ ಇದನ್ನೇ ತಮಗೆ ಹಾಕಿಕೊಳ್ಳಬಾರದು. ಹಗಲಿನಲ್ಲಿ 70ಕ್ಕಿಂತ ಇಳಿದರೂ, 300 ದಾಟಿದರೂ ಆ ಕ್ಷಣವೇ ರೋಜಾ ಬಿಡಬೇಕೆಂಬ ಮಾತನ್ನು ಅವರಿಂದ ವೈದ್ಯರ ಮುಂದೆಯೇ ಆಡಿಸಿಕೊಂಡೆ. ಬೆರಳು ಚುಚ್ಚಿ ನೋಡುವುದರಿಂದ ರೋಜಾ ಮುರಿಯುವುದಿಲ್ಲವೆಂದು ನಮ್ಮ ಮಸೀದಿಯ ಗುರುಗಳೂ ಹೇಳಿದ್ದರಿಂದ ಅವರ ಮನಸ್ಸಿಗೆ ನೆಮ್ಮದಿಯಾಯಿತು. ಸಹರಿಗೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಇಫ್ತಾರಿನಲ್ಲಿ ಒಂದೇ ಒಂದು ಖರ್ಜೂರ. ಹತ್ತೊಂಬತ್ತನೆಯ ದಿನ ನಾಲ್ಕು ಗಂಟೆಗೆ 66 ಬಂತು, ಅವರು ಮಾತಿಗೆ ತಪ್ಪದೆ ರೋಜಾ ಬಿಟ್ಟರು.

ಇನ್ನೊಂದು ಕಷ್ಟವನ್ನೂ ಹೇಳಿಬಿಡುತ್ತೇನೆ. ಬಾಟಲಿಯ ಇನ್ಸುಲಿನ್ ಒಂದು ಮಿಲಿಯಲ್ಲಿ 40 ಯೂನಿಟ್ ಇರುವಂಥದ್ದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಒಮ್ಮೆ ಅಂಗಡಿಯಲ್ಲಿ ಕಿತ್ತಳೆ ಮುಚ್ಚಳದ್ದನ್ನು ಕೊಟ್ಟರು, ಅದು 100 ಯೂನಿಟ್‌ನ ಇನ್ಸುಲಿನ್‌ಗೆ ಮಾಡಿದ್ದು. ನನಗೆ ತಿಳಿಯದೆ 24ರ ಗೆರೆಯವರೆಗೆ ಎಳೆದು ಹಾಕುತ್ತಿದ್ದೆ. ಒಳಗೆ ಹೋಗುತ್ತಿದ್ದದ್ದು ಹತ್ತು ಯೂನಿಟ್‌ಗೂ ಕಡಿಮೆ. ಸಕ್ಕರೆ 340ಕ್ಕೆ ಏರಿ, ಊಟದಲ್ಲಿ ಕಳ್ಳತನ ಮಾಡುತ್ತಿದ್ದೀರೆಂದು ಅವರನ್ನು ಎಷ್ಟೋ ಬೈದೆ. ತಪ್ಪು ಅವರ ಊಟದ್ದಾಗಿರಲಿಲ್ಲ.

ಮಸ್ಕತ್‌ನಿಂದ, ಮಂಗಳೂರು ಮೂಲದ ದಾದಿ

ಅಂಕಿಗಳನ್ನು ನಂಬಿ ಮಾತ್ರೆ ಬದಲಿಸುವ ಮುನ್ನ ಅಂಕಿ ಸರಿಯೇ ಎಂದು ನೋಡಬೇಕೆಂದು ಮಾತ್ರ ಹೇಳುತ್ತೇನೆ. ಕಳೆದ ತಿಂಗಳು ಊರಿಗೆ ಬಂದಾಗ ಅಮ್ಮನ ಸಕ್ಕರೆ 284 ಬಂತೆಂದು ಮನೆಯಲ್ಲಿ ಗಾಬರಿ. ಅವರು ಆಗಷ್ಟೇ ಮಾವಿನ ಹಣ್ಣು ಹೆಚ್ಚಿ ಸೆರಗಿಗೆ ಕೈ ಒರೆಸಿಕೊಂಡಿದ್ದರು. ಸೋಪು ಹಾಕಿ ತೊಳೆದು ಒಣಗಿಸಿ ನೋಡಿದರೆ 151. ಮೀಟರಿಗೂ ಪ್ರಯೋಗಾಲಯಕ್ಕೂ ಶೇಕಡ 15ರವರೆಗಿನ ವ್ಯತ್ಯಾಸವನ್ನು ದೋಷವೆಂದು ಪರಿಗಣಿಸುವುದಿಲ್ಲ, ಆದ್ದರಿಂದ 140 ಮತ್ತು 126ರ ನಡುವೆ ಜಗಳ ಬೇಡ. ಸ್ಟ್ರಿಪ್ ಡಬ್ಬದ ಮುಚ್ಚಳ ತೆರೆದಿಡಬಾರದು, ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬಾರದು. ರಕ್ತಹೀನತೆ ಇರುವ ಹೆಂಗಸರಲ್ಲಿ, ಕಬ್ಬಿಣದ ಕೊರತೆ ಇದ್ದಾಗ, ಮೂರು ತಿಂಗಳ ಸರಾಸರಿ ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದು. ಮನೆಯ ಅಂಕಿ 130ರ ಆಸುಪಾಸಿದ್ದು ಸರಾಸರಿ 8.5 ಬಂದರೆ ಹಿಮೋಗ್ಲೋಬಿನ್ ನೋಡಿಸಿ.

ಅರಸೀಕೆರೆಯಿಂದ, ಪ್ರೌಢಶಾಲಾ ಶಿಕ್ಷಕಿ

ಎಲ್ಲರಿಗೂ ನಾನು ಋಣಿ. ನಿಮ್ಮ ಬರಹಗಳನ್ನು ಅಚ್ಚು ಹಾಕಿಸಿಕೊಂಡು, ಜೊತೆಗೆ ಎರಡು ತಿಂಗಳ ಅಂಕಿಗಳನ್ನೂ ಊಟದ ವಿವರವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೊಸದಾಗಿ ಒಬ್ಬ ವೈದ್ಯರ ಬಳಿ ಹೋಗಿದ್ದೆವು. ಅವರು ನೋಟ್‌ಬುಕ್ ತೆರೆದು ರಾತ್ರಿಯ ‘ತರಕಾರಿ ಸಾರು’ ಎಂಬ ಸಾಲುಗಳ ಕೆಳಗೆ ಗೆರೆ ಎಳೆಯುತ್ತ ಹೋದರು. ಕ್ರಿಯಾಟಿನಿನ್ ಸ್ವಲ್ಪ ಏರಿದೆ, ಮೂತ್ರಪಿಂಡದ ಶೋಧನಾ ಸಾಮರ್ಥ್ಯ 52ಕ್ಕೆ ಬಂದಿದೆ. ಮೂರು ಸೇರಿದ ಮಾತ್ರೆಯನ್ನು ಪೂರ್ತಿ ನಿಲ್ಲಿಸಿ, ಮೆಟ್‌ಫಾರ್ಮಿನ್ ಜೊತೆಗೆ ಟೆನೆಲಿಗ್ಲಿಪ್ಟಿನ್ ಕೊಟ್ಟಿದ್ದಾರೆ. ಇಷ್ಟು ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದುಂಟೆಂದು ಅದನ್ನೂ ಪರೀಕ್ಷಿಸಿದರು. ಕಡಿಮೆಯೇ ಇತ್ತು. ಪಾದ ಜುಮ್ಮೆನ್ನುವುದನ್ನು ಅತ್ತೆಯವರು ವಯಸ್ಸಿನದೆಂದು ಯಾರಿಗೂ ಹೇಳಿರಲಿಲ್ಲ.

ರಾತ್ರಿ ಒಂದು ಚಪಾತಿ, ಕಾಳಿನ ಪಲ್ಯ, ಮೊಸರು ಕಡ್ಡಾಯವೆಂದು ಬರೆದುಕೊಟ್ಟಿದ್ದಾರೆ. ಈಗ ಖಾಲಿ ಹೊಟ್ಟೆಯಲ್ಲಿ 138, 142 ಬರುತ್ತಿದೆ. 96 ನೋಡಿ ರೂಢಿಯಾಗಿದ್ದ ಅತ್ತೆಯವರಿಗೆ ಈ ಅಂಕಿ ಸೋಲಿನಂತೆ ಕಾಣುತ್ತದೆ. ದಿನವೂ ‘ಇಂದು ಸಾರು ಸಾಕು’ ಎಂದು ಕೇಳುತ್ತಾರೆ, ದಿನವೂ ನಾನು ವೈದ್ಯರು ಬರೆದ ಹಾಳೆಯನ್ನು ತೋರಿಸುತ್ತೇನೆ. ಏಕಾದಶಿಯನ್ನು ಬಿಡಿಸುವ ಮಾತನ್ನು ನಾವು ಎತ್ತಲಿಲ್ಲ. ಅನ್ನ ಬಿಟ್ಟು ಮೊಸರವಲಕ್ಕಿಯ ಫಲಾಹಾರ ಮಾಡಲು ಅವರೇ ಒಪ್ಪಿದರು, ಜೊತೆಗೆ ಸೌತೆಕಾಯಿ ಹೆಚ್ಚಿಟ್ಟೆ. ಸಬ್ಬಕ್ಕಿಯ ಆಸೆ ಅವರಿಗಿತ್ತು, ಅದು ಬಹುತೇಕ ಬರಿಯ ಪಿಷ್ಟವೆಂದು ವೈದ್ಯರು ಬೇಡವೆಂದಿದ್ದರು. ಮೊನ್ನೆಯ ಏಕಾದಶಿಯಂದು ಹನ್ನೊಂದಕ್ಕೆ ನೋಡಿದಾಗ 124 ಇತ್ತು. ಗ್ಲೂಕೋಸ್ ಡಬ್ಬ ದೇವರ ಮನೆಯ ಗೂಡಿನಲ್ಲಿದೆ. ಮಗಳಿಗೆ ಎಂಟು ವರ್ಷ, ಅವಳಿಗೂ ತೋರಿಸಿದ್ದೇನೆ.

ಮಂಡ್ಯ ಜಿಲ್ಲೆಯಿಂದ, ಕೃಷಿಕ

ಡಾಕ್ಟರ್ ಸಾಹೇಬರು ಹೇಳಿದಂತೆ ಹಿಟ್ಟು ತೂಗಿ ನೋಡಿದೆವು. ನಮ್ಮ ಮನೆಯ ಒಂದು ಮುದ್ದೆಗೆ 110 ಗ್ರಾಂ ಹಿಟ್ಟು ಹೋಗುತ್ತಿತ್ತು, ಅಂದರೆ ಎರಡಕ್ಕೆ ಕಾಲು ಕೆಜಿಗೆ ಸಮೀಪ. ಇಷ್ಟು ವರ್ಷ ಮುದ್ದೆ ಕಟ್ಟಿದ ನನ್ನ ಹೆಂಡತಿಗೂ ಅದನ್ನು ನೋಡಿ ಆಶ್ಚರ್ಯವಾಯಿತು. ಈಗ 70 ಗ್ರಾಂ ಹಿಟ್ಟಿನ ಒಂದೇ ಮುದ್ದೆ, ಅದಕ್ಕೆ ಮುಂಚೆ ಸೊಪ್ಪುಕಾಳು. ಊಟವಾದ ಮೇಲೆ ಗದ್ದೆಯ ಬದುವಿನ ಮೇಲೆ ಪಂಪ್‌ಸೆಟ್ಟಿನವರೆಗೆ ಹೋಗಿ ಬರುತ್ತೇನೆ. ಒಂಬತ್ತು ದಿನದಲ್ಲಿ ನಾಲ್ಕು ಸಲ ನೋಡಿದೆ: 188, 181, 196, 174. ಒಂದು ದಿನ ನಡೆಯಲಾಗಲಿಲ್ಲ, 196 ಆ ದಿನದ್ದು. ರಾತ್ರಿ ಎಂಟೂವರೆಗೆ ಉಂಡು ಒಂಬತ್ತಕ್ಕೆ ಮಲಗುವ ರೂಢಿ ಇದೆ, ಅದನ್ನು ಏಳು ಗಂಟೆಗೆ ತರಬಹುದೇ, ಆಗ ರಾತ್ರಿಯ ಮಾತ್ರೆಯ ಹೊತ್ತೂ ಬದಲಾಗಬೇಕೇ ಎಂದು ಸೋಮವಾರ ಆಸ್ಪತ್ರೆಗೆ ಹೋದಾಗ ಕೇಳಿಕೊಂಡು ಬಂದು ಇಲ್ಲಿ ಬರೆಯುತ್ತೇನೆ.